ತಾಳ ಗೊತ್ತಿಲ್ಲದ ಆಪ್

ನರ್ತಕಿ ಗೆಜ್ಜೆ ಬಿಚ್ಚಿ ಪಕ್ಕಕ್ಕಿಟ್ಟು ಆಡಿದ ಮಾತಿನಿಂದ ಇದು ಶುರುವಾಯಿತು ಎಂದು ನಾನು ಈಗ ಹೇಳುತ್ತೇನೆ. ಅದಕ್ಕೂ ಮುಂಚಿನ ವಾರವೇ ಶುರುವಾಗಿತ್ತು ಎನ್ನುತ್ತಾರೆ ವೀಣೆಯವರು. ಗಿಟಾರಿನವನ ಪ್ರಕಾರ ಶುರುವಾದದ್ದು ಏನೂ ಇಲ್ಲ. ಹೊಸ ಆಪ್ ಸಿಕ್ಕರೆ ಸುಮ್ಮನಿರುವ ಜಾತಿ ನಾನಲ್ಲ, ಅಷ್ಟೇ. ಮೂರರಲ್ಲಿ ಯಾವುದು ನಿಜವೋ ಗೊತ್ತಿಲ್ಲ. ನನಗೆ ಗೆಜ್ಜೆ ನೆಲಕ್ಕೆ ತಾಗಿದ ಸದ್ದು ಸ್ಪಷ್ಟವಾಗಿ ನೆನಪಿದೆ, ಆದ್ದರಿಂದ ಅಲ್ಲಿಂದಲೇ ಹೊರಡುತ್ತೇನೆ. ಸದ್ದು ಚೆನ್ನಾಗಿ ನೆನಪಿರುವುದು ಅದು ನಡೆದಿತ್ತು ಎಂಬುದಕ್ಕೆ ಸಾಕ್ಷಿಯಲ್ಲ ಎಂಬುದೂ ಗೊತ್ತು.

ಜಯನಗರದಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ನರ್ತಕಿಯ ನೃತ್ಯಶಾಲೆ. ನನ್ನದೊಂದು ರಚನೆಗೆ ಅವರು ಹೊಸ ನೃತ್ಯ ಕಟ್ಟುತ್ತಿದ್ದರು. ಆಭೋಗಿ ರಾಗ, ಏಳು ಎಣಿಕೆಯ ಮಿಶ್ರಛಾಪು ತಾಳ, ‘ತಕಿಟ ತಕಧಿಮಿ’ ಎಂದು ಮೂರು ಮತ್ತು ನಾಲ್ಕಾಗಿ ಒಡೆಯುವಂಥದ್ದು. ನುಡಿಸುವವರು ಇಬ್ಬರೇ. ಬನಶಂಕರಿಯಿಂದ ಬರುವ ವೀಣೆಯವರು, ಐವತ್ತು ದಾಟಿದ ಮಹಿಳೆ, ಬ್ಯಾಂಕಿನ ಕೆಲಸ ಮುಗಿಸಿಕೊಂಡು ಬರುತ್ತಿದ್ದರು. ಇನ್ನೊಬ್ಬ ಹುಳಿಮಾವಿನ ಗಿಟಾರಿನವನು. ಅವನ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕು ಮಹಡಿಯ ಬಾಡಿಗೆ ಮನೆಗಳು ಎದ್ದಿವೆ, ಉಸ್ತುವಾರಿ ಇವನದು. ಅಭ್ಯಾಸದ ನಡುವೆ ಅವನ ಫೋನ್ ಬಡಿದುಕೊಂಡರೆ ನೀರಿನ ಮೋಟರಿನ ವಿಷಯವೇ ಎಂದು ನಮಗೆಲ್ಲ ಗೊತ್ತು.

ಮೃದಂಗ ಬೇಡ ಎಂದು ಹಟ ಹಿಡಿದವನು ನಾನು. ಗೆಜ್ಜೆಯೇ ತಾಳವಾಗಲಿ, ವೀಣೆ ಮತ್ತು ಗಿಟಾರು ಒಂದರೊಳಗೊಂದು ಹರಿಯಲಿ, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಕೇಳುವವರಿಗೆ ತಿಳಿಯದಿರಲಿ ಎಂಬುದು ನನ್ನ ಆಸೆ. ತಿಳಿಯಲಿಲ್ಲ, ನಿಜ. ನುಡಿಸುವವರಿಗೂ ತಿಳಿಯಲಿಲ್ಲ.

“ಸಾರ್, ಬೇಜಾರ್ ಮಾಡ್ಕೋಬೇಡಿ,” ಎಂದರು ನರ್ತಕಿ. “ಇವತ್ತು ನುಡಿಸಿದ್ದು ಹೋದ್ವಾರದ್ದಲ್ಲ. ಹೋದ್ವಾರದ್ದು ಅದರ ಹಿಂದಿನ ವಾರದ್ದಲ್ಲ. ನನಗೆ ಇರೋದು ಎರಡೇ ಕಾಲು.”

ಕಂಪ್ಯೂಟರಿನಲ್ಲಿ ಟ್ರ್ಯಾಕ್ ಮಾಡಿಕೊಡುವವರೊಬ್ಬರು ಅವರಿಗೆ ಗೊತ್ತಿದ್ದರು. ಸಾವಿರ ಸಲ ಹಾಕಿದರೂ ಒಂದೇ ಥರ ಬರುವ ಟ್ರ್ಯಾಕ್. ಇನ್ನು ಕೆಲವು ಅಭ್ಯಾಸಗಳಲ್ಲಿ ನಾವು ಒಂದು ದಡ ಸೇರದಿದ್ದರೆ ಅವರಿಗೇ ಹೇಳಿಬಿಡುವುದಾಗಿ ತಿಳಿಸಿದರು. ದನಿ ಏರಿಸಲಿಲ್ಲ, ಅದೇ ನನ್ನನ್ನು ಹೆದರಿಸಿದ್ದು. ಟ್ರ್ಯಾಕ್ ಆದರೂ ರಚನೆ ನನ್ನದೇ, ಕರಪತ್ರದಲ್ಲಿ ಹೆಸರೂ ಇರುತ್ತದೆ. ವೇದಿಕೆಯ ಮೇಲೆ ಆ ಇಬ್ಬರು ಮಾತ್ರ ಇರುವುದಿಲ್ಲ. ಆ ಇಬ್ಬರಿಗಾಗಿಯೇ ನಾನು ಅದನ್ನು ಬರೆದದ್ದು.

ತಪ್ಪು ಯಾರ ಕೈಯಲ್ಲೂ ಇರಲಿಲ್ಲ. ನಾನು ಹಾಡಿ ತೋರಿಸುತ್ತಿದ್ದೆ, ಅವರು ಕೇಳಿ ನುಡಿಸುತ್ತಿದ್ದರು, ನರ್ತಕಿಯೂ ಸೇರಿ ಪ್ರತಿಯೊಬ್ಬರೂ ಫೋನಿನಲ್ಲಿ ಮುದ್ರಿಸಿಕೊಳ್ಳುತ್ತಿದ್ದರು. ಮುಂದಿನ ವಾರ ನಾನು ಎರಡು ಸ್ವರ ಬದಲಿಸುತ್ತಿದ್ದೆ. ಮೂರು ಫೋನುಗಳಲ್ಲಿ ಮೂರು ರಚನೆಗಳು ಬೆಳೆದಿದ್ದವು. ಬರೆಯಬೇಕಿತ್ತು. ಆದರೆ ಯಾವುದರಲ್ಲಿ? ವೀಣೆಯವರು ಓದುವುದು ಸರಿಗಮ. ಗಿಟಾರಿನವನು ಓದುವುದು ಟ್ಯಾಬ್ ಮಾತ್ರ: ತಂತಿಗೊಂದು ಅಡ್ಡಗೆರೆ, ಯಾವ ಫ್ರೆಟ್ಟಿನಲ್ಲಿ, ಅಂದರೆ ಮೆಟ್ಟಿಲಿನಲ್ಲಿ, ಬೆರಳಿಡಬೇಕೋ ಅದರ ಸಂಖ್ಯೆ ಆ ಗೆರೆಯ ಮೇಲೆ. ಎರಡೂ ಒಂದೇ ಪುಟದಲ್ಲಿ, ಒಂದರ ಕೆಳಗೊಂದು, ಒಟ್ಟಿಗೆ ಸಾಗಬೇಕು. ನಾನು ಒಂದು ಕಡೆ ತಿದ್ದಿದರೆ ಎಲ್ಲರಿಗೂ ತಿದ್ದಿದಂತಾಗಬೇಕು. ನನ್ನ ಹತ್ತಿರ ಪೆನ್ನಿನಿಂದ ಬರೆಯಬಹುದಾದ ಒಂದು ಟ್ಯಾಬ್ಲೆಟ್ ಇತ್ತು. ಬಿಳೇಕಹಳ್ಳಿಯ ನನ್ನ ಮನೆಯಲ್ಲಿ ಕೂತು ಆಪ್‌ಗಳನ್ನು ಒಂದೊಂದಾಗಿ ಇಳಿಸಿಕೊಳ್ಳತೊಡಗಿದೆ. ಹೊಸ ವಾದ್ಯ ಕೈಗೆ ಬಂದವನಂತೆ ನನ್ನ ಬೆರಳುಗಳು ಕುಣಿಯುತ್ತಿದ್ದವು, ಇದನ್ನು ಮುಚ್ಚಿಡುವುದಿಲ್ಲ.

ಆಪ್ ಅಂಗಡಿಯಲ್ಲಿ ಜನ ಕೊಟ್ಟ ನಕ್ಷತ್ರಗಳನ್ನು ನಂಬಬಾರದೆಂದು ನಾನೇ ಒಂದು ಪರೀಕ್ಷೆ ಕಟ್ಟಿದೆ. ನನ್ನ ರಚನೆಯಿಂದ ಎರಡೇ ಆವರ್ತದ, ತಾಳದ ಎರಡು ಸುತ್ತಿನ, ಒಂದು ಸಾಲು ಆಯ್ದೆ. ಕಷ್ಟಗಳೆಲ್ಲ ಅದರಲ್ಲೇ ಇದ್ದವು. ಅದರಲ್ಲಿ ವೀಣೆಯ ಗಾಂಧಾರ ಬರುತ್ತದೆ. ವೀಣೆಯವರು ಅದನ್ನು ಗಾಂಧಾರದ ಮೆಟ್ಟಿಲಿನಲ್ಲಿ ಮೀಟುವುದಿಲ್ಲ, ಹಿಂದಿನ ರಿಷಭದ ಮೆಟ್ಟಿಲಿನಲ್ಲಿ ಬೆರಳಿಟ್ಟು ತಂತಿಯನ್ನು ಪಕ್ಕಕ್ಕೆ ಎಳೆದು ತರುತ್ತಾರೆ. ಧೈವತದಿಂದ ಮೇಲಿನ ಷಡ್ಜಕ್ಕೆ ಗಿಟಾರಿನ ಒಂದು ಜಾರು. ಕೊನೆಯಲ್ಲಿ ಗಿಟಾರಿನ ಕಾರ್ಡ್, ಹಲವು ತಂತಿಗಳ ಒಂದೇ ಮೀಟು, ನಿಂತು ಮೊಳಗುತ್ತಿರುವಾಗ ವೀಣೆ ಅದರ ಮೇಲೆ ನಡೆದುಹೋಗುತ್ತದೆ. ಈ ಸಾಲನ್ನು ನುಂಗಿದ ಆಪ್ ಇಡೀ ರಚನೆಯನ್ನು ನುಂಗಬಲ್ಲದು ಎಂಬುದು ನನ್ನ ಲೆಕ್ಕ.

ಮೊದಲನೆಯದನ್ನು ಪೆನ್ನಿನ ಆಪ್ ಎನ್ನುತ್ತೇನೆ. ಪರದೆಯ ಮೇಲೆ ಕೈಯಿಂದ ಗೀಚಿದರೆ ಒಂದು ಕ್ಷಣ ಯೋಚಿಸಿ ಅದನ್ನು ಅಚ್ಚಿನ ಸ್ವರಲಿಪಿಯಾಗಿ ತಿರುಗಿಸುತ್ತಿತ್ತು. ನಾನು ಐದು ಗೆರೆಯ ಪಾಶ್ಚಾತ್ಯ ಲಿಪಿಯಲ್ಲಿ ಬರೆದೆ, ಅದು ಟ್ಯಾಬ್ ಮಾಡಿಕೊಟ್ಟಿತು. ಮಂತ್ರದಂತಿತ್ತು. ಗಿಟಾರಿನವನನ್ನು ಬನ್ನೇರುಘಟ್ಟ ರಸ್ತೆಯ ದರ್ಶಿನಿಗೆ ಕರೆದು, ಬೈಟು ಕಾಫಿ ಹೇಳಿ, ಪರದೆ ಅವನ ಕಡೆ ತಿರುಗಿಸಿದೆ. ಅವನು ಮೇಜಿನ ಅಂಚನ್ನೇ ಗಿಟಾರಿನ ಕತ್ತು ಮಾಡಿಕೊಂಡು ಬೆರಳು ಆಡಿಸಿ ನೋಡಿದ.

“ಗುರು, ಇದು ಕೈ ಇಲ್ದೋನು ಬರ್ದಿರೋದು,” ಎಂದ. “ಮೂರನೇ ಫ್ರೆಟ್ಟಿಂದ ಹನ್ನೆರಡಕ್ಕೆ ಹಾರು, ತಿರ್ಗಾ ಮೂರಕ್ಕೆ ಬಾ ಅಂತಾನೆ. ನಾನೇನು ಕೋತಿನಾ?”

ಅವನು ಹೇಳಿದ್ದು ಸರಿ. ಒಂದೇ ಸ್ವರ ಗಿಟಾರಿನಲ್ಲಿ ಮೂರ್ನಾಲ್ಕು ಕಡೆ ಸಿಗುತ್ತದೆ. ಎಲ್ಲಿ ಹಿಡಿಯಬೇಕೆಂಬುದನ್ನು ಆಪ್ ತನಗೆ ತೋಚಿದಂತೆ ಆರಿಸಿಕೊಂಡಿತ್ತು. ಒಂದೊಂದೇ ಸಂಖ್ಯೆಯನ್ನು ಬೇರೆ ತಂತಿಗೆ ಎಳೆದು ಕೂರಿಸಬಹುದಿತ್ತು. ಆದರೆ ಕೆಳಗೆ ಸರಿಗಮ ಬರೆಯಹೋದರೆ ಕನ್ನಡದ ಗುಣಿತಗಳು ಅಕ್ಷರದಿಂದ ಕಳಚಿ ಪಕ್ಕಕ್ಕೆ ಬಿದ್ದಿರುತ್ತಿದ್ದವು. ವೀಣೆಯವರಿಗೆ ಅದನ್ನು ತೋರಿಸುವ ಧೈರ್ಯ ಬರಲಿಲ್ಲ.

ಎರಡನೆಯದು, ಇಲ್ಲವೇ ನಡುವೆ ಬಂದುಹೋದ ಇನ್ನೆರಡನ್ನು ಲೆಕ್ಕಕ್ಕೆ ಹಿಡಿದರೆ ನಾಲ್ಕನೆಯದು, ಬರಿಯ ಗೆರೆಯ ಪುಟಗಳನ್ನು ಕೊಡುವ ಆಪ್. ಆರು ಗೆರೆ ಬೇಕೆಂದರೆ ಆರು, ನಾಲ್ಕು ಬೇಕೆಂದರೆ ನಾಲ್ಕು. ಪೆನ್ನಿನಿಂದ ಬರೆದದ್ದು ಬರೆದಂತೆಯೇ ಉಳಿಯುತ್ತದೆ. ಸದ್ದು ಮಾಡುವುದಿಲ್ಲ, ಎಣಿಸುವುದಿಲ್ಲ, ತಪ್ಪು ಹಿಡಿಯುವುದಿಲ್ಲ. ಇದಕ್ಕೆ ಟ್ಯಾಬ್ಲೆಟ್ ಯಾಕೆ, ಅಂಗಡಿಯಲ್ಲಿ ಸಿಗುವ ಕಾಗದ ಸಾಲದೇ ಎಂದು ಕಾಫಿ ಆರುವ ಮುಂಚೆಯೇ ಮುಚ್ಚಿಬಿಟ್ಟೆ.

ಆಮೇಲೆ ಸಿಕ್ಕಿತು ನೋಡಿ, ನುಡಿಸುವ ಆಪ್. ಪರದೆಯ ಕೆಳಗೆ ಗಿಟಾರಿನ ಕತ್ತಿನ ಚಿತ್ರ. ಅದರ ಮೇಲೆ ಬೆರಳು ತಾಗಿಸಿದರೆ ಸಂಖ್ಯೆ ತಾನೇ ಮೇಲಿನ ಗೆರೆಗೆ ಹೋಗಿ ಕೂರುತ್ತದೆ. ಬರೆದದ್ದನ್ನು ನುಡಿಸಿ ತೋರಿಸುತ್ತದೆ. ನಿಧಾನ ಮಾಡು ಎಂದರೆ ನಿಧಾನ ಮಾಡುತ್ತದೆ. ಹಾಡಿನ ಸಾಹಿತ್ಯಕ್ಕೆಂದು ಬಿಟ್ಟ ಸಾಲಿನಲ್ಲಿ ಕನ್ನಡ ಅಕ್ಷರಗಳು ನೆಟ್ಟಗೆ ನಿಂತವು. ಅದರ ಒಂದು ಮೂಲೆಯಲ್ಲಿ ಹೊಸ ವಾದ್ಯವನ್ನು ಕಟ್ಟಿಕೊಳ್ಳುವ ಜಾಗವೂ ಇತ್ತು: ತಂತಿ ಎಷ್ಟು, ಮೆಟ್ಟಿಲು ಎಷ್ಟು, ಯಾವ ತಂತಿ ಯಾವ ಸ್ವರಕ್ಕೆ. ನಾಲ್ಕು ತಂತಿ ಎಂದು ಒತ್ತಿದೆ. ಇಪ್ಪತ್ತನಾಲ್ಕು ಮೆಟ್ಟಿಲು ಎಂದು ಒತ್ತಿದೆ. ಷಡ್ಜ, ಪಂಚಮ, ಮತ್ತೆ ಕೆಳಗಿನ ಷಡ್ಜ, ಪಂಚಮ. ಬಿಳಿಯ ಪರದೆಯ ಮೇಲೆ ವೀಣೆ ನಾಲ್ಕು ಗೆರೆಯಾಗಿ ಮಲಗಿತು.

ಆಗ ಕಂಡದ್ದನ್ನು ನಾನು ಯಾವತ್ತೋ ಕಂಡಿರಬೇಕಿತ್ತು. ವೀಣೆಯವರ ಶ್ರುತಿ ಎರಡೂವರೆ ಮನೆ, ಪಾಶ್ಚಾತ್ಯರ ಲೆಕ್ಕದಲ್ಲಿ ಡಿ ಶಾರ್ಪ್. ಗಿಟಾರಿನವನು ರಾಕ್ ನುಡಿಸುವ ಅಭ್ಯಾಸದಿಂದ ಎಲ್ಲ ತಂತಿಗಳನ್ನೂ ಅರ್ಧ ಸ್ವರ ಇಳಿಸಿಯೇ ಇಟ್ಟುಕೊಂಡಿರುತ್ತಾನೆ. ಹಾಗಾಗಿ ಅವನ ಮೊದಲ ತಂತಿಯನ್ನು ಬೆರಳೊತ್ತದೆ ಮೀಟಿದರೆ ಅದು ಇವರ ಷಡ್ಜವೇ, ಒಂದು ಸ್ಥಾಯಿ ಮೇಲೆ. ಸೊನ್ನೆ, ಎರಡು, ಮೂರು, ಐದು, ಒಂಬತ್ತು, ಹನ್ನೆರಡು. ಆಭೋಗಿಯ ಸ್ವರಗಳು ಎರಡೂ ವಾದ್ಯಗಳ ಮೇಲಿನ ಗೆರೆಯಲ್ಲಿ ಒಂದೇ ಸಂಖ್ಯೆಗಳಾಗಿ ನಿಂತಿದ್ದವು. ನಾನು ಕುರ್ಚಿಯಿಂದ ಎದ್ದು ಅಡುಗೆಮನೆಯವರೆಗೆ ಹೋಗಿ, ಯಾಕೆ ಹೋದೆನೆಂದು ತಿಳಿಯದೆ ವಾಪಸ್ ಬಂದೆ.

ಬನಶಂಕರಿಯ ಮನೆಯಲ್ಲಿ ವೀಣೆಯವರು ಕನ್ನಡಕ ಏರಿಸಿ ಪರದೆ ನೋಡಿದರು.

“ಇಷ್ಟು ವರ್ಷ ಸರಿಗಮ ಅಂದ್ಕೊಂಡು ನುಡಿಸ್ತಿದ್ದೆ. ಇದು ಎರಡು, ಮೂರು, ಐದು, ಒಂಬತ್ತಾ? ಬ್ಯಾಂಕಲ್ಲಿ ದಿನಾ ಇದನ್ನೇ ನೋಡ್ತೀನಲ್ರೀ.”

ಆಮೇಲೆ ಆಪ್ ಎಳೆದ ಗಾಂಧಾರವನ್ನು ಕೇಳಿದರು. ಎರಡರಿಂದ ಹೊರಟ ಬಾಣದ ಗುರುತು ಮೂರಕ್ಕೆ ಏರುತ್ತಿತ್ತು, ಸದ್ದೂ ಅದರಂತೆಯೇ ಏರಿತು, ನೇರವಾಗಿ, ಏಣಿ ಹತ್ತಿದ ಹಾಗೆ. ಇದು ವೀಣೆಯೋ ಸೊಳ್ಳೆ ಬ್ಯಾಟೋ ಎಂದು ಕೇಳಿದರು. ಆದರೆ ಕೆಳಗಿನ ಸಾಲಿನಲ್ಲಿ ಸರಿಗಮ ಇದ್ದದ್ದು ಅವರಿಗೆ ಹಿಡಿಸಿತು. ಗಾಂಧಾರ ಹೇಗೆ ಎಳೆಯಬೇಕೆಂದು ನನಗೆ ಗೊತ್ತು, ಎಲ್ಲಿ ಬರುತ್ತೆ ಅನ್ನೋದನ್ನ ಮಾತ್ರ ಅದು ಹೇಳಲಿ ಎಂದರು. ಒಪ್ಪಂದವಾಯಿತು.

ಮುಂದಿನ ದಿನಗಳಲ್ಲಿ ಇಡೀ ರಚನೆಯನ್ನು ಆ ಆಪ್‌ಗೆ ಇಳಿಸಿದೆ. ಬೆಳಿಗ್ಗೆ ಬರೆದೆ, ಮೆಟ್ರೋದಲ್ಲಿ ಬರೆದೆ, ದಂತವೈದ್ಯರ ಹತ್ತಿರ ಸರದಿಗೆ ಕೂತು ಬರೆದೆ. ಮೊದಲ ಸ್ವರವನ್ನು ಮೊದಲ ಬಾರಿನ ಮೊದಲ ಎಣಿಕೆಯಲ್ಲಿ ಇಟ್ಟೆ. ಬಾರ್ ಎಂದರೆ ಎರಡು ನಿಂತ ಗೆರೆಗಳ ನಡುವಿನ ಏಳು ಎಣಿಕೆ, ನಮ್ಮ ಒಂದು ಆವರ್ತ. ಮೊದಲ ಸ್ವರ ಇನ್ನೆಲ್ಲಿ ಇಡುವುದು? ಆಪ್ ಅಲ್ಲೇ ಮಿಣುಕುತ್ತಾ ಕಾಯುತ್ತಿತ್ತು.

ಕೊನೆಗೆ ಬಂದಾಗ ಒಂದು ಸಣ್ಣ ಕಸಿವಿಸಿ. ನೃತ್ಯ ಮುಗಿಯುವುದು ಒಂದೇ ಮಾದರಿ ಮೂರು ಸಲ ಬರುವ ತೀರ್ಮಾನದಿಂದ. ಅದರ ತುದಿಯಲ್ಲಿ ಗಿಟಾರಿನ ದೊಡ್ಡ ಕಾರ್ಡ್. ಆ ಕಾರ್ಡ್ ಬಾರಿನ ನಡುವೆ, ಐದನೆಯ ಎಣಿಕೆಯಲ್ಲಿ ಹೋಗಿ ಕೂತಿತ್ತು. ಎಲ್ಲೋ ಎಣಿಕೆ ಬಿಟ್ಟಿದ್ದೇನೆ ಎಂದುಕೊಂಡೆ. ಹುಡುಕಿದೆ, ಸಿಗಲಿಲ್ಲ. ತೀರ್ಮಾನ ಶುರುವಾಗುವ ಮುಂಚೆ ಮೂರು ಎಣಿಕೆಯ ವಿರಾಮ ಹಾಕಿದೆ. ಕಾರ್ಡ್ ಮುಂದಿನ ಬಾರಿನ ಮೊದಲ ಎಣಿಕೆಗೆ ಬಂದು ನಿಂತಿತು. ಪರದೆಯ ಮೇಲೆ ಅದು ಎಷ್ಟು ಅಚ್ಚುಕಟ್ಟಾಗಿ ಕಂಡಿತೆಂದರೆ, ತಪ್ಪು ಸರಿಯಾಯಿತೆಂದು ನಂಬಿದೆ. ಇಬ್ಬರಿಗೂ ಕಳಿಸಿದೆ. ಗಿಟಾರಿನವನು ತನ್ನ ಫೋನಿನಲ್ಲೂ ಆ ಆಪ್ ಹಾಕಿಕೊಂಡು, ಕಿವಿಗೆ ಅದರ ಟಿಕ್ ಟಿಕ್ ಸಿಕ್ಕಿಸಿಕೊಂಡು ಅಭ್ಯಾಸ ಮಾಡಿದ. “ಸಖತ್ತಾಗಿದೆ ಗುರು” ಎಂದು ಧ್ವನಿ ಸಂದೇಶ ಕಳಿಸಿದ. ಹಿಂದೆ ಯಾರದೋ ಟ್ಯಾಂಕ್ ತುಂಬಿ ಹರಿಯುವ ಸದ್ದಿತ್ತು.

ಜಯನಗರದ ಆ ಸಂಜೆ ಇಬ್ಬರೂ ಮೊದಲ ಸಲ ಒಂದೇ ರಚನೆಯನ್ನು ನುಡಿಸಿದರು. ಸ್ವರಕ್ಕೆ ಸ್ವರ ಕೂಡಿತು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ನರ್ತಕಿ ಮಾತ್ರ ನಡುನಡುವೆ ಹುಬ್ಬು ಗಂಟಿಕ್ಕುತ್ತಿದ್ದರು, ಗಿಟಾರು ತನ್ನನ್ನು ಬೇರೆ ಕಡೆ ಎಳೆಯುತ್ತಿದೆ ಎಂಬಂತೆ. ತೀರ್ಮಾನ ಬಂತು. ಅವರು ಹೆಜ್ಜೆ ಶುರು ಮಾಡಿದರು, ವಾದ್ಯಗಳು ಸುಮ್ಮನಿದ್ದು ಆಮೇಲೆ ಹಿಂಬಾಲಿಸಿದವು. ಅವರ ಕಾಲು ಸಮಕ್ಕೆ, ತಾಳದ ಮೊದಲ ಎಣಿಕೆಗೆ, ಬಿತ್ತು, ಕೈ ಚಾಚಿತು, ಕಣ್ಣು ನಿಂತಿತು. ಮೌನ. ಮೂರು ಎಣಿಕೆ ಕಳೆದ ಮೇಲೆ, ಬಸ್ಸು ತಪ್ಪಿಸಿಕೊಂಡವನ ಹಾಗೆ, ಭವ್ಯವಾದ ಒಂದು ಕಾರ್ಡ್.

ಮತ್ತೆ ಮಾಡಿದೆವು. ಮತ್ತೆ ಹಾಗೆಯೇ ಆಯಿತು. ಈಗ ಒಂದೇ ಥರ ಬರ್ತಿದೆ ಸಾರ್, ಒಪ್ಕೋತೀನಿ ಎಂದರು ನರ್ತಕಿ.

ಗಿಟಾರಿನವನಿಗೆ ರೇಗಿತು. ಬರೆದದ್ದನ್ನೇ ನುಡಿಸಿದ್ದೇನೆ, ಕಿವಿಯಲ್ಲಿ ಟಿಕ್ ಇದೆ, ಟಿಕ್ ಸುಳ್ಳು ಹೇಳುವುದಿಲ್ಲ ಎಂದ. ವೀಣೆಯವರು ತೊಡೆಯ ಮೇಲೆ ತಾಳ ಹಾಕಿ ತೋರಿಸತೊಡಗಿದರು. ಅವನೂ ಕಾಲಿನಲ್ಲಿ ತಟ್ಟಿ ಎಣಿಸಿದ.

“ಅಕ್ಕ, ಒಂದು ಅಂದ್ರೆ ಇಲ್ಲಿ.”

“ಅದು ನಾಲ್ಕಪ್ಪ. ಒಂದು ಆಗ್ಲೇ ಹೋಯ್ತು.”

“ಎಲ್ಲಿಗ್ ಹೋಯ್ತು? ನನ್ ಹತ್ರ ಬರ್ಲೇ ಇಲ್ಲ.”

ಇಬ್ಬರೂ ಒಟ್ಟಿಗೆ ಎಣಿಸುತ್ತಿದ್ದರು. ಇವರ ನಾಲ್ಕು ಅವನ ಒಂದು. ಇವರ ಒಂದು ಅವನ ಐದು. ಐದು! ನನ್ನ ತಲೆಯಲ್ಲಿ ಇಡೀ ರಚನೆ ಮೂರು ಎಣಿಕೆ ಪಕ್ಕಕ್ಕೆ ಸರಿದು ಕೂತಿತು. ಹಾಡು ತಾಳದ ಮೊದಲ ಎಣಿಕೆಯಲ್ಲಿ ಶುರುವಾಗುವುದೇ ಇಲ್ಲ. ‘ತಕಿಟ’ ಖಾಲಿ ಹೋಗುತ್ತದೆ, ‘ತಕಧಿಮಿ’ಯಲ್ಲಿ, ನಾಲ್ಕನೆಯ ಎಣಿಕೆಯಲ್ಲಿ ಎತ್ತಿಕೊಳ್ಳಬೇಕು, ಅದೇ ಅದರ ಎಡುಪು. ಹಾಡುವಾಗ ನನಗೆ ಅದು ಉಸಿರಾಟದಷ್ಟು ಸಹಜ. ಬರೆಯುವಾಗ ಆಪ್ ತೋರಿಸಿದ ಜಾಗದಲ್ಲಿ ಎಡುಪನ್ನು ಇಟ್ಟು, ಅದನ್ನೇ ಒಂದು ಎಂದು ಹೆಸರಿಟ್ಟಿದ್ದೆ. ಆಪ್ ಅವನ ಕಿವಿಯಲ್ಲಿ ಅಲ್ಲೇ ಗಟ್ಟಿಯಾಗಿ ಟಿಕ್ ಎಂದಿತು, ಅವನು ಅಲ್ಲೇ ಒತ್ತಿ ಮೀಟಿದ. ಕಾರ್ಡ್ ಐದನೆಯ ಎಣಿಕೆಯಲ್ಲಿ ಇದ್ದಾಗ ಸಮದ ಮೇಲೇ ಇತ್ತು. ನಾನು ಅದನ್ನು ಅಲ್ಲಿಂದ ಎಬ್ಬಿಸಿ, ಮೂರು ಎಣಿಕೆ ಆಚೆ ಕೂರಿಸಿದ್ದೆ.

ವೀಣೆಯವರಿಗೆ ಯಾಕೆ ಅನುಮಾನ ಬರಲಿಲ್ಲ ಎಂದು ಕೇಳಿದೆ. ತೀರ್ಮಾನವನ್ನು ಎಡುಪಿಗೆ ತಂದು ಬಿಡುವ ರೂಢಿ ಇದೆಯಲ್ಲ, ಮತ್ತೆ ಪಲ್ಲವಿ ಎತ್ತಿಕೊಳ್ಳುವುದಕ್ಕೆ; ನೀವು ಹೊಸದಾಗಿ ಏನೋ ಮಾಡಿದ್ದೀರಿ ಅಂದುಕೊಂಡೆ ಎಂದರು. “ನಿಮ್ಮ ವಿಷಯದಲ್ಲಿ ಯಾವುದು ತಪ್ಪು, ಯಾವುದು ಪ್ರಯೋಗ ಅಂತ ಕೇಳೋಕೆ ಭಯ ಆಗುತ್ತಪ್ಪ.”

ನನಗೆ ನಗು ತಡೆಯಲಾಗಲಿಲ್ಲ. ಕೈ ತಪ್ಪಿಲ್ಲ, ಕಿವಿ ತಪ್ಪಿಲ್ಲ, ರಚನೆ ಸರಿಯಾಗಿದೆ. ಸರಿಸಬೇಕಾದದ್ದು ಗೆರೆಗಳನ್ನು ಮಾತ್ರ! ನರ್ತಕಿ ನಗಲಿಲ್ಲ. ಟ್ರ್ಯಾಕಿನವರು ಶುಕ್ರವಾರ ಉತ್ತರ ಕೇಳುತ್ತಾರೆ, ಗುರುವಾರ ಸಂಜೆ ಒಂದು ಸಲ ನೋಡುತ್ತೇನೆ, ಅದೇ ಕೊನೆ ಎಂದರು.

ಗೆರೆ ಸರಿಸುವುದು ಸುಲಭವೆಂದುಕೊಂಡಿದ್ದೆ. ಮನೆಗೆ ಬಂದು ಮೊದಲ ಬಾರಿನ ಆರಂಭಕ್ಕೆ ಮೂರು ವಿರಾಮ ತುರುಕಿದೆ. ಬಾರ್ ಕೆಂಪಾಯಿತು: ಎಣಿಕೆ ಹೆಚ್ಚಾಗಿದೆ. ತುಂಬಿದ್ದು ಮುಂದಿನ ಬಾರಿಗೆ ಹರಿಯಲಿಲ್ಲ. ಪ್ರತಿ ಬಾರಿನ ಸ್ವರಗಳನ್ನು ಕತ್ತರಿಸಿ ಮುಂದಿನದಕ್ಕೆ ಅಂಟಿಸಬೇಕಿತ್ತು. ಅದನ್ನೂ ಶುರು ಮಾಡಿದೆ. ಕೆಲವು ಬಾರ್‌ಗಳಾದ ಮೇಲೆ ನಿಜವಾದ ತೊಡಕು ಕಂಡಿತು. ವೀಣೆಯ ದೀರ್ಘವಾದ ಎಳೆತಗಳೆಲ್ಲ ಸಮವನ್ನು ದಾಟಿಹೋಗುವಂಥವು. ಏಳನೆಯ ಎಣಿಕೆಯಲ್ಲಿ ತಂತಿ ಎಳೆಯಲು ಶುರು, ಮುಂದಿನ ಆವರ್ತದ ಎರಡರಲ್ಲೋ ಮೂರರಲ್ಲೋ ಬಿಡುವುದು. ತಪ್ಪಾಗಿ ಬರೆದಿದ್ದಾಗ ಅವು ಬಾರಿನ ಒಳಗೇ ಬೀಳುತ್ತಿದ್ದವು. ಸರಿಯಾಗಿ ಬರೆದ ಕೂಡಲೇ ನಿಂತ ಗೆರೆ ಅವುಗಳ ಮೈಮೇಲೆ ಬಂತು. ಆಪ್ ಎಳೆತವನ್ನು ಗೆರೆಯ ಹತ್ತಿರ ಕತ್ತರಿಸಿ, ಆಚೆ ಹೊಸದಾಗಿ ಮೀಟು ಎಂದಿತು. ಅದರ ನಿಯಮವೇ ಹಾಗೆ. ನಾನು ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿದೆ, ಸಹಾಯದ ಪುಟಗಳನ್ನು ಓದಿದೆ. ನನಗೆ ದಾರಿ ಸಿಗಲಿಲ್ಲ.

ಪೆನ್ನಿನ ಆಪ್‌ಗೆ ಹಿಂತಿರುಗಿ ಅರ್ಧ ದಿನ ಕಳೆದೆ. ಅದೂ ಎಣಿಸುತ್ತಿತ್ತು, ಅದೂ ಗೆರೆಯ ಹತ್ತಿರ ಕತ್ತರಿಸುತ್ತಿತ್ತು. ಎಣಿಸಬಲ್ಲ ಆಪ್‌ಗಳಿಗೆಲ್ಲ ಎಣಿಕೆ ಶುರುವಾಗುವುದು ಗೆರೆಯ ಪಕ್ಕದಲ್ಲಿ. ಹಾಗಾದರೆ ಎಣಿಸಲು ಬಾರದ್ದು?

ಈ ಯೋಚನೆ ಬಂದಾಗ ನಾನು ಎಲ್ಲಿದ್ದೆ ಎಂದು ಹೇಳಬೇಕೆನ್ನಿಸುತ್ತದೆ: ಸುದ್ದಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಆಟೋದಲ್ಲಿ ಕೂತಿದ್ದೆ ಎಂದು ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಆದರೆ ಟ್ಯಾಬ್ಲೆಟ್ಟಿನಲ್ಲಿ ಆ ಗೆರೆಯ ಪುಟಗಳ ಆಪ್ ಮತ್ತೆ ತೆರೆದದ್ದು ಮನೆಯಲ್ಲಿ, ಬೆಳಗಿನ ತಿಂಡಿಯ ಹೊತ್ತಿಗೆ ಎಂದು ಕಡತದಲ್ಲಿ ದಾಖಲಾದ ವೇಳೆ ಹೇಳುತ್ತದೆ. ಸಿಗ್ನಲ್ಲಿನ ಕಥೆ ಚೆನ್ನಾಗಿದೆ. ಕಡತವನ್ನೇ ನಂಬೋಣ.

ನಾನು ನುಡಿಸುವ ಆಪ್ ಬಿಟ್ಟುಬಿಟ್ಟೆ. ಮಾಡಿದ್ದ ಕೆಲಸ ಅಷ್ಟೂ ಹೋಯಿತು. ಗೆರೆಯ ಪುಟದಲ್ಲಿ ಒಂದು ಸಾಲಿಗೆ ಒಂದು ಆವರ್ತ, ಸಾಲಿಗೆ ಏಳು ಅಂಕಣ, ಸಮ ಯಾವಾಗಲೂ ಎಡತುದಿಯಲ್ಲಿ. ಮೇಲೆ ಗಿಟಾರಿನ ಆರು ಗೆರೆ, ಕೆಳಗೆ ವೀಣೆಯ ನಾಲ್ಕು ಗೆರೆ, ಅದರ ಕೆಳಗೆ ಸರಿಗಮ. ಮೊದಲ ಸಾಲಿನ ಮೊದಲ ಮೂರು ಅಂಕಣ ಖಾಲಿ. ಎಳೆತಗಳನ್ನು ಕೈಯಿಂದಲೇ ಬಿಲ್ಲಿನಂತೆ ಬರೆದೆ. ಸಾಲಿನ ಬಲತುದಿಯಿಂದ ಹೊರಗೆ ಹೋಗಿ ಮುಂದಿನ ಸಾಲಿನ ಎಡತುದಿಯಲ್ಲಿ ಒಳಗೆ ಬಂದವು. ಯಾರೂ ಕೆಂಪಾಗಲಿಲ್ಲ. ನೆನಪಿನಿಂದ ಬರೆಯಲಿಲ್ಲ, ಆ ವಿಷಯದಲ್ಲಿ ನನಗೆ ನನ್ನ ಮೇಲೆ ಭರವಸೆ ಇಲ್ಲ. ಪ್ರತಿ ಸಾಲನ್ನೂ ಬಾಯಲ್ಲಿ ಹೇಳಿ, ಕೈಯಲ್ಲಿ ತಾಳ ಹಾಕಿ, ಆಮೇಲೆ ಬರೆದೆ. ಹಾಗೆ ಬರೆಯುವಾಗ ತಂತಮ್ಮ ಜಾಗದಲ್ಲಿ ಬಂದು ಕೂರುವ ಸಂಖ್ಯೆಗಳನ್ನು ನೋಡುವುದೇ ಒಂದು ಹಬ್ಬ. ತೀರ್ಮಾನಕ್ಕೆ ಮುಂಚೆ ಹಾಕಿದ್ದ ಮೂರು ವಿರಾಮ ತೆಗೆದೆ. ಕಾರ್ಡ್ ಎಡತುದಿಗೆ, ಸಮಕ್ಕೆ, ತಾನೇ ಹೋಗಿ ನಿಂತಿತು.

ಒಂದು ಭಯ ಉಳಿದಿತ್ತು. ಈ ಆಪ್ ನುಡಿಸಿ ತೋರಿಸುವುದಿಲ್ಲ. ಗಿಟಾರಿನವನ ಕಿವಿಯಿಂದ ಟಿಕ್ ತೆಗೆದರೆ ಅವನು ಯಾವುದನ್ನು ಹಿಡಿದು ನಡೆಯಬೇಕು? ನರ್ತಕಿ ಮಕ್ಕಳಿಗೆ ಪಾಠ ಹೇಳುವಾಗ ಕೋಲಿನಿಂದ ಬಡಿಯುವ ಮರದ ಮಣೆಯನ್ನು ಕೇಳಿ ತಂದೆ. ತಾಳ ನಾನು ಬಡಿಯುತ್ತೇನೆ ಎಂದೆ. ಗೆಜ್ಜೆ ಸಾಕು ಎಂಬ ನನ್ನ ಹಟದಲ್ಲಿ ಅಷ್ಟು ಬಿಟ್ಟುಕೊಟ್ಟೆ.

ಹುಳಿಮಾವಿನಲ್ಲಿ ಅವನ ಮನೆಯ ತಾರಸಿ ಮೇಲೆ, ನೀರಿನ ಟ್ಯಾಂಕುಗಳ ನೆರಳಿನಲ್ಲಿ ಭಾನುವಾರ ಕೂತೆವು. ವೀಣೆಯವರು ಆಟೋದಲ್ಲಿ ವೀಣೆಯನ್ನು ಮಡಿಲಲ್ಲಿಟ್ಟುಕೊಂಡು ಬಂದರು. ಅವನು ಪುಟ ನೋಡಿ, ಮೊದಲ ಮೂರು ಅಂಕಣಗಳ ಮೇಲೆ ಬೆರಳಿಟ್ಟು, ಇವು ಯಾಕೆ ಖಾಲಿ, ಬಾಡಿಗೆಗೆ ಕೊಡೋಕಾ ಎಂದು ಕೇಳಿದ. ಅಲ್ಲಿ ‘ತಕಿಟ’ ಎಂದು ಬಾಯಲ್ಲಿ ಹೇಳು, ಆಮೇಲೆ ಮೀಟು ಎಂದೆ. ಹೇಳಿದ. ಮೀಟಿದ. ಸ್ವರ ಸರಿ, ಒತ್ತು ಮಾತ್ರ ಹಳೆಯ ಜಾಗದಲ್ಲೇ. ಅವನ ಕಾಲು ಇನ್ನೂ ನಾಲ್ಕನ್ನೇ ಒಂದು ಎಂದು ತಟ್ಟುತ್ತಿತ್ತು. ಪರದೆಯಿಂದ ಅಳಿಸಿದ್ದು ಕಾಲಿನಿಂದ ಅಳಿಸಿರಲಿಲ್ಲ. ಮತ್ತೆ ಮತ್ತೆ ಮಾಡಿದರೂ ಅಷ್ಟೇ.

ಕೊನೆಗೆ ಗಿಟಾರು ಕೆಳಗಿಡು ಎಂದು ಮಣೆ ಕೋಲು ಅವನಿಗೇ ಕೊಟ್ಟೆ. ವೀಣೆಯವರು ಒಬ್ಬರೇ ನುಡಿಸಿದರು, ಅವನು ಬಡಿದ, ನಾನು ಪುಟದ ಮೇಲೆ ಬೆರಳು ಓಡಿಸಿದೆ. ಗಾಂಧಾರದ ಎಳೆತವೊಂದು ಸಾಲಿನಿಂದ ಹೊರಗೆ ಹೋಗಿ ಮುಂದಿನ ಸಾಲಿಗೆ ಬರುವಾಗ, ಅದರ ನಡುಮಧ್ಯದಲ್ಲಿ ಅವನ ಕೋಲು ಸಮಕ್ಕೆ ಬಿತ್ತು.

“ಓ,” ಎಂದ. “ಅಕ್ಕ ಒಂದರ ಮೇಲೆ ಏನೂ ಮೀಟಲ್ಲ. ಅದಕ್ಕೇ ಅದು ನಂಗೆ ಕಾಣ್ತಿರಲಿಲ್ಲ.”

“ಮೀಟ್ಲಿಲ್ಲ ಅಂದ್ರೆ ಇಲ್ಲ ಅಂತಾನಾ?” ಎಂದರು ವೀಣೆಯವರು. “ಬಾಡಿಗೆ ಮನೆ ಖಾಲಿ ಇದ್ರೂ ಮನೆ ಇರುತ್ತಲ್ಲಪ್ಪಾ.”

ಆಮೇಲೆ ಅವನು ಗಿಟಾರು ಎತ್ತಿಕೊಂಡು ನುಡಿಸಿದ್ದು ಬೇರೆಯದೇ ಸಂಗೀತ. ಒತ್ತು ಹೋಗಬೇಕಾದಲ್ಲಿಗೆ ಹೋಯಿತು. ಇಡೀ ರಚನೆ ಒಂದು ಪಕ್ಕಕ್ಕೆ ವಾಲಿ, ಮತ್ತೆ ತನ್ನನ್ನು ತಾನೇ ಹಿಡಿದುಕೊಂಡು, ಹಾಗೇ ವಾಲುತ್ತಾ ನಡೆಯಿತು. ನಾನು ಬರೆದಾಗ ಕೇಳಿಸಿಕೊಂಡಿದ್ದು ಇದನ್ನೇ. ಅಥವಾ ಈಗ ಹಾಗೆ ಅನ್ನಿಸುತ್ತಿದೆ.

ಗುರುವಾರ ನರ್ತಕಿ ಗೆಜ್ಜೆ ಕಟ್ಟಿಕೊಂಡರು. ಟ್ಯಾಬ್ಲೆಟ್ ಗಿಟಾರಿನವನ ಮುಂದಿನ ಸ್ಟ್ಯಾಂಡಿನ ಮೇಲೆ. ವೀಣೆಯವರಿಗೆ ಅದೇ ಪುಟಗಳನ್ನು ಅಚ್ಚು ಹಾಕಿಸಿ ಕೊಟ್ಟಿದ್ದೆ. ಅವರು ಅವನ್ನು ಪಕ್ಕದಲ್ಲಿಟ್ಟು ನೋಡದೆಯೇ ನುಡಿಸಿದರು. ನಾನು ನೆಲದ ಮೇಲೆ ಮಣೆ ಇಟ್ಟುಕೊಂಡು ಕೂತೆ. ಟ್ಯಾಬ್ಲೆಟ್ಟಿನ ಪುಟ ತಿರುಗಿಸುವುದೂ ನನ್ನ ಕೆಲಸವೇ ಆಗಿತ್ತು, ಕೋಲು ಬಲಗೈಯಲ್ಲಿ, ಪುಟ ಎಡಗೈಯಲ್ಲಿ.

ಮೂರು ಎಣಿಕೆ ಖಾಲಿ. ನಾಲ್ಕರಲ್ಲಿ ಇಬ್ಬರೂ ಒಟ್ಟಿಗೆ ಎತ್ತಿಕೊಂಡರು. ನರ್ತಕಿಯ ಹುಬ್ಬು ಗಂಟಾಗಲಿಲ್ಲ. ನಡುವೆ ತಾಳವಿಲ್ಲದೆ ತೇಲುವ ಭಾಗವೊಂದಿದೆ. ಅಲ್ಲಿ ವೀಣೆಯವರು ಪುಟದಲ್ಲಿದ್ದದ್ದಕ್ಕಿಂತ ತುಸು ಹೆಚ್ಚು ಹೊತ್ತು ನಿಂತರು. ಗಿಟಾರಿನವನು ಕಾದ. ನರ್ತಕಿಯೂ ಕಾದರು, ಒಂದು ಕಾಲು ಎತ್ತಿಕೊಂಡೇ. ಮತ್ತೆ ತಾಳ ಹಿಡಿದಾಗ ವೇಗ ಹೆಚ್ಚಾಯಿತು, ನಾನು ಹೆಚ್ಚಿಸಿದೆನೋ ಅವರು ಎಳೆದುಕೊಂಡು ಹೋದರೋ ಗೊತ್ತಿಲ್ಲ. ತೀರ್ಮಾನದ ಮೊದಲ ಸುತ್ತು. ಎರಡನೆಯದು. ನೆಲ ನಡುಗುತ್ತಿತ್ತು, ಕೆಳಗಿನ ಬಟ್ಟೆ ಅಂಗಡಿಯವರು ಏನಂದುಕೊಂಡರೋ. ಮೂರನೆಯದು. ಕಾಲು, ಕಾರ್ಡ್, ಕೋಲು, ವೀಣೆಯ ಷಡ್ಜ, ಎಲ್ಲ ಒಂದೇ ಏಟಿಗೆ.

ಕಾರ್ಡ್ ಮೊಳಗುತ್ತಲೇ ಇತ್ತು, ನರ್ತಕಿ ನಿಲುವು ಬಿಡಲಿಲ್ಲ. ಆಮೇಲೆ ಬೆವರು ಒರೆಸಿಕೊಂಡು ಕಿಟಕಿಯ ಹತ್ತಿರ ಹೋಗಿ ಫೋನ್ ತೆಗೆದರು. ಶುಕ್ರವಾರದವರೆಗೂ ಕಾಯಲಿಲ್ಲ.

“ನಮಸ್ತೆ ಸಾರ್. ಟ್ರ್ಯಾಕ್ ಬೇಡ ಸಾರ್, ಜನಾನೇ ನುಡಿಸ್ತಾರೆ.” ಆ ಕಡೆಯವರು ಏನೋ ಕೇಳಿದರು. “ಇಲ್ಲ ಇಲ್ಲ, ಹೆಚ್ಚುಕಮ್ಮಿ ಆಗಲ್ಲ. ಎಲ್ಲಾ ನೀಟಾಗಿ ಬರ್ದಿದ್ದಾರೆ, ನೋಡ್ಕೊಂಡೇ ನುಡಿಸ್ತಾರೆ.”

ಗಿಟಾರಿನವನು ನನ್ನ ಕಡೆ ನೋಡಿದ, ಆಮೇಲೆ ಸ್ಟ್ಯಾಂಡಿನ ಕಡೆ. ಪರದೆಯ ಮೇಲೆ ಆ ತೇಲುವ ಭಾಗದ ಪುಟವೇ ಇನ್ನೂ ಇತ್ತು. ತಾಳ ಮತ್ತೆ ಹಿಡಿದ ಮೇಲೆ ನಾನು ಒಂದು ಪುಟವನ್ನೂ ತಿರುಗಿಸಿರಲಿಲ್ಲ, ಅವನು ಕೇಳಿಯೂ ಇರಲಿಲ್ಲ.